ಬಳ್ಳಾರಿ ಜಾಲಿಯ ನೆರಳು

ನಮ್ಮ ಹೊಸೂರು, ಕೃಷ್ಣಗಿರಿ ಸೀಮೆಯ ಕೆರೆಯಂಗಳಗಳಲ್ಲಿಯೂ ಹಿತ್ತಿಲ ಬೇಲಿಗಳಲ್ಲಿಯೂ ನಾವು ಕಾಣುವ ಬಳ್ಳಾರಿ ಜಾಲಿಯು ಈ ನಾಡಿನ ಮರವಲ್ಲ. ಸೌದೆಯ ಕೊರತೆಯನ್ನು ನೀಗಲೆಂದು 1877ರ ಸುಮಾರಿಗೆ ಅಮೆರಿಕಾ ಖಂಡದ ಈ ಮರದ ಬೀಜವನ್ನು ಮದರಾಸು ಪ್ರಾಂತಕ್ಕೆ ತರಿಸಿದರು. ನೀರೆರೆಯದೆಯೇ ಬೇಗನೆ ನೆರಳು ಕೊಡುವುದೆಂದು ತೋಟಗಾರನು ಮೊದಲು ಹಿಗ್ಗುತ್ತಾನೆ. ಆದರೆ ಆ ನೆರಳಿನಲ್ಲಿ ಹುಲ್ಲು ಸಹ ಸರಿಯಾಗಿ ಬೆಳೆಯದು. ಸಿಹಿಯಾದ ಕಾಯಿಗಳನ್ನು ತಿಂದ ಮೇಕೆಗಳು, ಹೊಟ್ಟೆಯಲ್ಲಿ ಕರಗದ ಬೀಜಗಳನ್ನು ಹಿಕ್ಕೆಯೊಡನೆ ಊರೆಲ್ಲ ಬಿತ್ತುತ್ತವೆ. ಕಡಿದರೆ ಸಾಯುವುದೆಂದು ನಂಬಬಾರದು. ಬುಡದಿಂದ ಹಲವು ಚಿಗುರುಗಳು ಹೊರಡುತ್ತವೆ. ಆದುದರಿಂದ ವಿದ್ಯಾರ್ಥಿಗಳೇ, ಮಳೆ ಬಿದ್ದು ನೆಲ ಮೆತ್ತಗಾದಾಗ, ಮುಳ್ಳು ಚುಚ್ಚದಂತೆ ಹಿರಿಯರೊಡನೆ ಎಳೆಯ ಸಸಿಗಳನ್ನು ಬೇರುಸಹಿತ ಅಗೆದು ತೆಗೆಯಿರಿ. ಆ ಗುಣಿಯಲ್ಲಿ ಹೊಂಗೆಯನ್ನೋ ಬೇವನ್ನೋ ನೆಡಿರಿ. ನೆರಳು ತಡವಾಗಿ ಬಂದರೂ, ಅದರ ಕೆಳಗೆ ನಾವು ಬರಿಗಾಲಿನಲ್ಲಿ ನಡೆಯಬಹುದು.