ಹಿಮಾಲಯ ದಾಟಿ ಬಂದ ನೆಂಟರು

ಮಾಗಡಿ ಎಂದೊಡನೆ ಕೆಂಪೇಗೌಡರ ಊರು ನೆನಪಾಯಿತೇ? ಇದು ಅದಲ್ಲ ಮಕ್ಕಳೇ! ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ. ಚಳಿಗಾಲ ಬಂತೆಂದರೆ ಇಲ್ಲಿನ ಕೆರೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಗದ್ದಲ.

ಬಿಳಿ ತಲೆಯ ಹಿಂಬದಿಗೆ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು ಕಂಡರೆ ಅವೇ ಎಂದು ತಿಳಿಯಿರಿ. ಮಂಗೋಲಿಯಾ, ಟಿಬೆಟ್‌ಗಳಲ್ಲಿ ಮರಿ ಮಾಡುವ ಇವು, ಅಲ್ಲಿನ ಕೊರೆಯುವ ಚಳಿ ತಪ್ಪಿಸಿಕೊಳ್ಳಲು ಹಿಮಾಲಯವನ್ನೇ ದಾಟಿ ಬರುತ್ತವೆ. ಆ ಎತ್ತರದಲ್ಲಿ ನಮಗೆ ಉಸಿರಾಡುವುದೇ ಕಷ್ಟ. ಇವುಗಳ ರಕ್ತಕ್ಕೆ ಮಾತ್ರ ತೆಳು ಗಾಳಿಯಿಂದಲೂ ಆಮ್ಲಜನಕ ಹೀರಿಕೊಳ್ಳುವ ಶಕ್ತಿಯಿದೆ.

ಹಗಲು ನೀರಿನಲ್ಲಿ ವಿಶ್ರಾಂತಿ, ಸಂಜೆಯಾದರೆ ಹೊಲಗಳತ್ತ ಸವಾರಿ. ಎಳೆಯ ಪೈರು ಮೇಯುವುದರಿಂದ ರೈತರಿಗೆ ನಷ್ಟವೂ ಉಂಟು. ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಈ ಕೆರೆ 2024ರಲ್ಲಿ ಸೇರಿತು.

ನೋಡಲು ಹೋದಾಗ ಫೋಟೊಕ್ಕಾಗಿ ತೀರಾ ಹತ್ತಿರ ಹೋಗಬೇಡಿ, ಕಲ್ಲೆಸೆಯಬೇಡಿ. ಬೆಚ್ಚಿ ಹಾರಿದಾಗಲೆಲ್ಲ, ಮರಳಿ ಹಿಮಾಲಯ ದಾಟಲು ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಅಜ್ಜನ ಜತೆ ದಡದಲ್ಲಿ ಸುಮ್ಮನೆ ಕುಳಿತು ದುರ್ಬೀನಿನಲ್ಲಿ ನೋಡಿ, ಎಷ್ಟಿವೆ ಎಂದು ಎಣಿಸಿ.

ಹಾಗೆಯೇ ಅಜ್ಜನನ್ನು ಕೇಳಿ: ನಿಮ್ಮ ಬಾಲ್ಯದಲ್ಲಿ ನಮ್ಮೂರ ಕೆರೆಗೆ ಯಾವ ಹಕ್ಕಿಗಳು ಬರುತ್ತಿದ್ದವು? ಈಗಲೂ ಬರುತ್ತಿವೆಯೇ?