ಒಂದು ಪ್ರಿಂಟರ್, ಹತ್ತು ಕಂಪ್ಯೂಟರ್

ಮಕ್ಕಳೇ, ಹಿಟ್ಟಿನ ಗಿರಣಿ ನೋಡಿದ್ದೀರಲ್ಲ? ಜೋಳದ ಡಬ್ಬಿಗಳನ್ನು ಸಾಲಾಗಿ ಇಟ್ಟು ಜನ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಗಿರಣಿ ಒಂದೇ, ಡಬ್ಬಿ ಇಪ್ಪತ್ತು. ಆದರೂ ಒಬ್ಬರ ಜೋಳ ಇನ್ನೊಬ್ಬರ ಗೋಧಿಯಲ್ಲಿ ಬೆರೆಯುವುದಿಲ್ಲ. ಒಂದು ಕಚೇರಿಯ ಹತ್ತು ಕಂಪ್ಯೂಟರುಗಳು ಒಂದೇ ಪ್ರಿಂಟರನ್ನು ಹಂಚಿಕೊಳ್ಳುವುದೂ ಹೀಗೆಯೇ.

ಇದರ ಮೂಲ ಅಮೆರಿಕದಲ್ಲಿದೆ. 1971ರಲ್ಲಿ ಝೆರಾಕ್ಸ್ ಕಂಪನಿಯ ಪಾಲೋ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರ್ ರೂಪಿಸಿದರು. ಅಂಥ ದುಬಾರಿ ಯಂತ್ರವನ್ನು ಪ್ರತಿ ಮೇಜಿಗೂ ಕೊಡಲಾದೀತೇ? 1973ರಲ್ಲಿ ಅದೇ ಕೇಂದ್ರದ ರಾಬರ್ಟ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್, ಕಂಪ್ಯೂಟರುಗಳನ್ನು ಒಂದಕ್ಕೊಂದು ಹಾಗೂ ಪ್ರಿಂಟರಿಗೆ ಜೋಡಿಸಲು ಈಥರ್‌ನೆಟ್ ಎಂಬ ಜಾಲವನ್ನು ಕಟ್ಟತೊಡಗಿದರು. ಇಂದಿಗೂ ಕಚೇರಿಗಳ ತಂತಿಜಾಲಕ್ಕೆ ಅದೇ ಹೆಸರು.

ನಮ್ಮಲ್ಲಿ ಇದರ ಉಪಯೋಗ ನೋಡಬೇಕಾದರೆ ತಾಲೂಕು ಕಚೇರಿಗೆ ಹೋಗಿ. 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಕರ್ನಾಟಕದ ಪಹಣಿಗಳು ಕಂಪ್ಯೂಟರ್ ಸೇರಿದವು. ಕೈಬರಹದ ಪಹಣಿಯ ಜಾಗದಲ್ಲಿ ಮುದ್ರಿತ ಪಹಣಿ ಬಂತು. ಬೆಳೆಸಾಲಕ್ಕೆ ಬ್ಯಾಂಕಿಗೆ ಬಂದ ರೈತನ ಕೈಯಲ್ಲಿ ಆ ಹಾಳೆ ಇರಲೇಬೇಕಿತ್ತು.

ನೀವು ‘ಪ್ರಿಂಟ್’ ಒತ್ತಿದಾಗ ಏನಾಗುತ್ತದೆ? ಮೊದಲು ‘ಡ್ರೈವರ್’ ಎಂಬ ತಂತ್ರಾಂಶ ನಿಮ್ಮ ಪುಟವನ್ನು ಪ್ರಿಂಟರಿಗೆ ತಿಳಿಯುವ ಭಾಷೆಗೆ ತಿರುಗಿಸುತ್ತದೆ. ಪ್ರಿಂಟರಿಗೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಕೊನೆಗೆ ಅದು ಮೂಡಿಸುವುದು ಬರೀ ಚುಕ್ಕಿ. ಇಂಚಿಗೆ 600 ಚುಕ್ಕಿಯಂತೆ ಒಂದು ಎ4 ಹಾಳೆಯಲ್ಲಿ ಸುಮಾರು ಮೂರೂವರೆ ಕೋಟಿ ಚುಕ್ಕಿಗಳಿಗೆ ಜಾಗವಿದೆ!

ಆಮೇಲೆ ಆ ಮಾಹಿತಿ ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಹೊರಡುತ್ತದೆ. ಈಥರ್‌ನೆಟ್‌ನಲ್ಲಿ ಸಾಮಾನ್ಯವಾಗಿ ಒಂದು ಪೊಟ್ಟಣಕ್ಕೆ ಹೆಚ್ಚೆಂದರೆ 1,500 ಬೈಟ್. ಮನೆಗೆ ಬಾಗಿಲ ನಂಬರ್ ಇರುವಂತೆ ಜಾಲದಲ್ಲಿ ಪ್ರಿಂಟರಿಗೂ ಒಂದು ವಿಳಾಸವಿದೆ. ಪ್ರತಿ ಪೊಟ್ಟಣದ ಮೇಲೂ ಆ ವಿಳಾಸ ಮತ್ತು ಕ್ರಮಸಂಖ್ಯೆ ಇರುವುದರಿಂದ ಹಿಂದುಮುಂದಾಗಿ ಬಂದರೂ ಸರಿಯಾಗಿ ಕೂಡಿಕೊಳ್ಳುತ್ತವೆ.

ಪ್ರಿಂಟರ್ ಬೇರೆ ಕೆಲಸದಲ್ಲಿದ್ದರೆ? ಆಗ ನಿಮ್ಮ ಪುಟ ಸರದಿಯಲ್ಲಿ ಕಾಯುತ್ತದೆ. ಹೀಗೆ ಕೂಡಿಟ್ಟುಕೊಂಡು ಒಂದೊಂದಾಗಿ ಕಳಿಸುವುದಕ್ಕೆ ‘ಸ್ಪೂಲಿಂಗ್’ ಎನ್ನುತ್ತಾರೆ. ಕೆಲವು ಕಡೆ ಈ ಸರದಿಯನ್ನು ‘ಸರ್ವರ್’ ಎಂಬ ಕಂಪ್ಯೂಟರ್ ನೋಡಿಕೊಂಡರೆ, ಕೆಲವು ಕಡೆ ಪ್ರಿಂಟರೇ ನೋಡಿಕೊಳ್ಳುತ್ತದೆ. ಪ್ರಿಂಟರನ್ನು ಯಾವುದೋ ಒಂದು ಕಂಪ್ಯೂಟರಿಗೆ ಮಾತ್ರ ಜೋಡಿಸಿ ಹಂಚಿಕೊಂಡಿದ್ದರೆ, ಆ ಕಂಪ್ಯೂಟರ್ ಆರಿಸಿದೊಡನೆ ಉಳಿದವರ ಮುದ್ರಣವೂ ನಿಂತಂತೆ.

ಸರದಿಯ ಮೊದಲ ಡಬ್ಬಿಯಲ್ಲಿ ಕಲ್ಲು ಸಿಕ್ಕಿ ಗಿರಣಿ ನಿಂತರೆ ಹಿಂದಿನವರೆಲ್ಲ ಕಾಯಬೇಕು. ಇಲ್ಲಿಯೂ ಒಂದು ಕೆಟ್ಟ ಕಡತ ಸಿಕ್ಕಿಬಿದ್ದರೆ ಎಲ್ಲರ ಹಾಳೆಯೂ ನಿಲ್ಲುತ್ತದೆ. ಆಗ ಸಿಟ್ಟಿಗೆದ್ದು ಹತ್ತು ಸಲ ‘ಪ್ರಿಂಟ್’ ಒತ್ತಬಾರದು. ಒತ್ತಿದಷ್ಟೂ ಪ್ರತಿಗಳು ಸರದಿಗೆ ಸೇರುತ್ತವೆ. ಮೊದಲು ಕಾಗದ, ತಂತಿ ನೋಡಿ. ನಂತರ ಸರದಿಯ ಪಟ್ಟಿ ತೆರೆದು ಸಿಕ್ಕಿಬಿದ್ದ ಕೆಲಸವನ್ನಷ್ಟೇ ತೆಗೆಯಿರಿ. ಹಳ್ಳಿಯಿಂದ ಬಸ್ಸಿಗೆ ಬಂದ ರೈತ ಪಹಣಿಯಿಲ್ಲದೆ ಮರಳಿದರೆ ಅವನ ಒಂದು ದಿನದ ಕೂಲಿ ಹೋದಂತೆ.

ಇನ್ನೊಂದು ಮಾತು. ಹಂಚಿಕೊಂಡ ಪ್ರಿಂಟರಿನ ತಟ್ಟೆಗೆ ಎಲ್ಲರೂ ಕೈಹಾಕುತ್ತಾರೆ. ಆಧಾರ್ ಪ್ರತಿ, ಅಂಕಪಟ್ಟಿ, ಖಾತೆಯ ವಿವರ ಏನೇ ಮುದ್ರಿಸಿದರೂ ಕೂಡಲೇ ಹೋಗಿ ತೆಗೆದುಕೊಳ್ಳಿ. ಗಿರಣಿಯಲ್ಲಿ ಹಿಟ್ಟು ಬಿಟ್ಟುಬಂದರೆ ನಾಳೆ ತರಬಹುದು, ಈ ಹಾಳೆಗಳು ಯಾರ ಕೈಗೆ ಹೋದವೆಂದು ಹುಡುಕುವುದು ಕಷ್ಟ.