ಸವಾರನ ಆಸನ

ಕುದುರೆಸವಾರಿಯೆಂದೊಡನೆಯೇ ನಮ್ಮ ಕಣ್ಣಮುಂದೆ ಸುಳಿಯುವುದು ನಾಗಾಲೋಟದ ವೇಗ, ಇಲ್ಲವೆ ಎತ್ತರವಾದ ಬೇಲಿಯನ್ನು ಹಾರಿ ದಾಟುವ ಸಾಹಸ. ಸವಾರಿಯನ್ನು ಕಲಿಯಹೊರಟ ಮಕ್ಕಳ ಮನಸ್ಸೂ ಅವರನ್ನು ಕಳುಹಿಸಿಕೊಡುವ ತಾಯಿತಂದೆಗಳ ಮನಸ್ಸೂ ಇವೆರಡರ ಕಡೆಗೇ ಹರಿಯುವುದು ಸಹಜ. ಮಗುವು ಸಮತಟ್ಟಾದ ಅಂಗಳದಲ್ಲಿ ದಿನವೂ ಸುತ್ತುಹಾಕುತ್ತಿರುವುದನ್ನು ಕಂಡರೆ, ಕೊಟ್ಟ ಹಣಕ್ಕೆ ತಕ್ಕ ಪಾಠ ನಡೆಯುತ್ತಿಲ್ಲವೆಂದು ನಾವು ಬಗೆಯುವೆವು. “ಬೇಲಿ ಹಾರಿಸುವುದು ಎಂದಿನಿಂದ?” ಎಂದು ಕೇಳುವೆವು. ಈ ಪ್ರಶ್ನೆಯನ್ನು ಒಮ್ಮೆ ನಾವೂ ಕೇಳಿದ್ದೆವು. ಅದಕ್ಕೆ ತಕ್ಕ ಬೆಲೆಯನ್ನೂ ತೆತ್ತೆವು.

ನಮ್ಮ ಮನೆಯ ಹುಡುಗಿಯು ಹನ್ನೆರಡನೆಯ ವಯಸ್ಸಿನಲ್ಲಿ ಬೆಂಗಳೂರಿನ ಸಮೀಪದ ಒಂದು ಸವಾರಿ ಶಾಲೆಗೆ ಸೇರಿದಳು. ನಮ್ಮ ಆತುರಕ್ಕೆ ಶಾಲೆಯವರ ಉತ್ಸಾಹವೂ ಕೂಡಿ, ಆರನೆಯ ತಿಂಗಳಲ್ಲಿಯೇ ಅವಳು ಮೊಣಕಾಲೆತ್ತರದ ಬೇಲಿಗಳನ್ನು ಹಾರಿಸತೊಡಗಿದಳು. ಒಂದು ಬೆಳಿಗ್ಗೆ ಕುದುರೆಯು ಬೇಲಿಯ ಮುಂದೆ ಥಟ್ಟನೆ ನಿಂತಿತು. ಹುಡುಗಿಯು ಅದರ ಕತ್ತಿನ ಮೇಲಿಂದ ಉರುಳಿ ಮುಂದಕ್ಕೆ ಬಿದ್ದಳು. ಕೊರಳೆಲುಬು ಮುರಿಯಿತು. ತಲೆಯ ಮೇಲೆ ಶಿರಸ್ತ್ರಾಣವಿದ್ದುದರಿಂದ ಅಷ್ಟಕ್ಕೇ ಪಾರಾದಳು. ಕುದುರೆ ಹಟಮಾರಿ, ಅದನ್ನು ಬದಲಾಯಿಸಬೇಕು ಎಂದು ನಾವು ವಾದಿಸಿದೆವು. ಸೇನೆಯ ಅಶ್ವದಳದಿಂದ ನಿವೃತ್ತರಾಗಿ ಆಗತಾನೆ ಅಲ್ಲಿಗೆ ಶಿಕ್ಷಕರಾಗಿ ಬಂದಿದ್ದ ದಫೇದಾರರೊಬ್ಬರು ನಮ್ಮನ್ನು ಲಾಯಕ್ಕೆ ಕರೆದೊಯ್ದು, ಕುದುರೆಯ ತುಟಿಯನ್ನು ಮೆಲ್ಲನೆ ಸರಿಸಿ ತೋರಿಸಿದರು. ಕಡಿವಾಣ ತಗಲುವ ಮೂಲೆಗಳಲ್ಲಿ ಎರಡೂ ಕಡೆ ಹುಣ್ಣಾಗಿದ್ದಿತು.

“ಸ್ವಾಮಿ, ಮಗು ಬೀಳಬಾರದೆಂದು ಲಗಾಮಿಗೆ ಜೋತುಬೀಳುತ್ತಾಳೆ. ಹಾರಿದಾಗಲೆಲ್ಲ ಬಾಯಿ ಹರಿಯುವುದಾದರೆ ಯಾವ ಕುದುರೆ ಹಾರೀತು? ಅದು ಹಟವಲ್ಲ, ನೋವು” ಎಂದರು.

ನಮಗೆ ನಾಚಿಕೆಯಾಯಿತು. ಆ ಬಳಿಕ ಅವರು ಹುಡುಗಿಗೆ ಕಲಿಸಿದುದನ್ನೂ, ಅದರಿಂದ ನಾವು ತಿಳಿದುಕೊಂಡುದನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಆಸನವೆಂದರೇನು?

ಕುದುರೆಯ ಬೆನ್ನಿನ ಮೇಲೆ ಉಳಿದುಕೊಳ್ಳಲು ಮೂರು ಉಪಾಯಗಳುಂಟು. ಲಗಾಮನ್ನು ಹಿಡಿದು ಜೋತಾಡುವುದು ಒಂದು. ತೊಡೆ ಮೊಣಕಾಲುಗಳಿಂದ ಇಕ್ಕುಳದಂತೆ ಬಿಗಿಹಿಡಿಯುವುದು ಇನ್ನೊಂದು. ಮೈತೂಕವನ್ನು ಸರಿದೂಗಿಸಿಕೊಂಡು ಕುದುರೆಯ ಚಲನೆಯೊಡನೆ ತಾನೂ ಚಲಿಸುವುದು ಮತ್ತೊಂದು. ಮೊದಲನೆಯದು ಕುದುರೆಗೆ ಹಿಂಸೆ. ಎರಡನೆಯದು ಸವಾರನಿಗೇ ಅಪಾಯ. ಏಕೆಂದರೆ ಎರಡು ಬೆರಳುಗಳ ನಡುವೆ ಅಮುಕಿದ ಹುಣಿಸೆಬೀಜವು ಮೇಲಕ್ಕೆ ಚಿಮ್ಮುವಂತೆ, ಬಿಗಿದ ಮೊಣಕಾಲುಗಳು ಸವಾರನನ್ನು ಜೀನಿನಿಂದ ಮೇಲೆತ್ತಿಬಿಡುವುವು. ಮೂರನೆಯದೇ ನಿಜವಾದ ಆಸನ.

ಈ ವಿಚಾರ ಹೊಸದಲ್ಲ. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಗ್ರೀಸ್ ದೇಶದ ಕ್ಸೆನೊಫೋನನು ಅಶ್ವಾರೋಹಣವನ್ನು ಕುರಿತು ಒಂದು ಗ್ರಂಥವನ್ನು ಬರೆದನು. ಕಾಲೂರುವ ರಿಕಾಪು ಆ ಕಾಲದ ಗ್ರೀಕರಿಗೆ ತಿಳಿದಿರಲಿಲ್ಲ. ಸವಾರನು ಕುರ್ಚಿಯಲ್ಲಿ ಕುಳಿತಂತೆ ಇರದೆ, ಕಾಲಗಲಿಸಿ ನೆಟ್ಟಗೆ ನಿಂತವನಂತೆ ಇರಬೇಕೆಂಬುದು ಅವನ ಮತ. ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ಗೌರವವಿದ್ದಿತು. 1126ರಿಂದ 1138ರವರೆಗೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಕುದುರೆಸವಾರಿಯ ವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿರುವನು.

ಒಳ್ಳೆಯ ಆಸನವನ್ನು ಗುರುತಿಸುವುದು ಕಷ್ಟವಲ್ಲ. ಸವಾರನನ್ನು ಪಕ್ಕದಿಂದ ನೋಡಿದಾಗ ಕಿವಿ, ಭುಜ, ಸೊಂಟದ ಕೀಲು, ಹಿಮ್ಮಡಿ ಈ ನಾಲ್ಕೂ ತೂಕದ ಗುಂಡಿನ ದಾರವನ್ನು ಇಳಿಬಿಟ್ಟಂತೆ ಒಂದೇ ಗೆರೆಯಲ್ಲಿರಬೇಕು. ಮೊಣಕೈಯಿಂದ ಮುಂಗೈಯ ಮೂಲಕ ಕಡಿವಾಣದವರೆಗೆ ಇನ್ನೊಂದು ನೇರವಾದ ಗೆರೆ ಇರಬೇಕು. ಕೆಳಗಿನಿಂದ ಕುದುರೆಯು ಮಾಯವಾದರೂ ಸವಾರನು ಮುಗ್ಗರಿಸದೆ ಕಾಲಮೇಲೆ ನಿಲ್ಲುವಂತಿದ್ದರೆ ಅವನ ಆಸನ ಸರಿಯಾಗಿದೆಯೆಂದು ತಿಳಿಯಬಹುದು.

ಇದರ ಮೊದಲ ಪಾಠವನ್ನು ಮನೆಯಲ್ಲಿಯೇ ಕಲಿಯಬಹುದು. ಗಟ್ಟಿಯಾದ ಮಣೆಯ ಮೇಲೆ ಅಂಗೈಗಳನ್ನಿಟ್ಟು ಅವುಗಳ ಮೇಲೆ ಕುಳಿತುಕೊಳ್ಳಿರಿ. ಎರಡು ಎಲುಬಿನ ತುದಿಗಳು ಅಂಗೈಗೆ ಒತ್ತುವುವು. ಬೆನ್ನನ್ನು ಗೂನುಮಾಡಿದರೆ ಅವು ಮುಂದಕ್ಕೆ ಹೊರಳುವುವು. ಎದೆಯನ್ನು ಉಬ್ಬಿಸಿ ನಡುವನ್ನು ಬಾಗಿಸಿದರೆ ಹಿಂದಕ್ಕೆ ಹೊರಳುವುವು. ಒಂದು ಕಡೆಗೆ ವಾಲಿದರೆ ಒಂದರ ಭಾರ ಹೆಚ್ಚುವುದು. ಎರಡೂ ಸಮನಾಗಿ ಕೆಳಮುಖವಾಗಿ ಒತ್ತುವ ಸ್ಥಿತಿಯೇ ಜೀನಿನ ಮೇಲೆಯೂ ಬೇಕಾದುದು. ಸವಾರನ ವಾಲುವಿಕೆಯೆಲ್ಲವನ್ನೂ ಕುದುರೆಯು ಬೆನ್ನಿನಿಂದ ಅರಿಯುವುದು. ತನ್ನ ಮೈಯ ಮೇಲೆ ಕುಳಿತ ನೊಣವನ್ನು ಅರಿಯಬಲ್ಲ ಪ್ರಾಣಿಗೆ ಇದು ತಿಳಿಯದೆ ಹೋದೀತೆ?

ಸಮನೆಲದ ಅಭ್ಯಾಸ

ಹುಡುಗಿಯ ಎಲುಬು ಕೂಡಿಕೊಂಡು ವೈದ್ಯರ ಅಪ್ಪಣೆ ದೊರೆತ ಮೇಲೆ, ದಫೇದಾರರು ಮೊದಲು ಮಾಡಿದ ಕೆಲಸವೆಂದರೆ ಅವಳ ಕೈಯಿಂದ ಲಗಾಮನ್ನು ತೆಗೆದುಬಿಟ್ಟುದು. ಕುದುರೆಯನ್ನು ಉದ್ದವಾದ ಪಟ್ಟಿಯೊಂದರಿಂದ ತಾವೇ ಹಿಡಿದು, ತಮ್ಮ ಸುತ್ತ ದೊಡ್ಡ ವೃತ್ತದಲ್ಲಿ ನಡೆಸಿದರು. ಹುಡುಗಿಯು ಕೈಗಳನ್ನು ಎರಡು ಕಡೆಗೂ ಚಾಚಬೇಕು, ಭುಜಗಳನ್ನು ತಿರುಗಿಸಬೇಕು, ಕಣ್ಣು ಮುಚ್ಚಿ, ಕುದುರೆಯ ಯಾವ ಹಿಂಗಾಲು ನೆಲಕ್ಕೆ ತಗಲಿತೆಂದು ಹೇಳಬೇಕು. ಬಳಿಕ ಕೆಲವೇ ನಿಮಿಷಗಳ ಕಾಲ ರಿಕಾಪುಗಳೂ ಇಲ್ಲ. ವಿಯೆನ್ನಾ ನಗರದ ಪ್ರಸಿದ್ಧವಾದ ಸ್ಪ್ಯಾನಿಷ್ ಸವಾರಿ ಶಾಲೆಯಲ್ಲಿಯೂ ಹೊಸ ಶಿಷ್ಯನ ಶಿಕ್ಷಣ ಲಗಾಮು ರಿಕಾಪುಗಳಿಲ್ಲದೆ ಹೀಗೆ ವೃತ್ತದಲ್ಲಿಯೇ ಆರಂಭವಾಗುವುದು. ರಿಕಾಪಿಲ್ಲದ ಅಭ್ಯಾಸವನ್ನು ಅತಿಯಾಗಿ ಮಾಡಿಸಕೂಡದು. ದಣಿದ ಕಾಲು ತಾನಾಗಿಯೇ ಬಿಗಿಯತೊಡಗುವುದು. ಬಿಗಿಯುವುದನ್ನು ಬಿಡಿಸಲೆಂದು ಹೊರಟ ಪಾಠವು ಅದನ್ನೇ ಕಲಿಸಿದಂತಾಗುವುದು.

ಕುದುರೆಯ ಗತಿಗಳನ್ನು ಬಲ್ಲವನಿಗೆ ಆಸನ ಬೇಗ ಒಲಿಯುವುದು. ಸಾಮಾನ್ಯ ನಡಿಗೆಯಲ್ಲಿ ನಾಲ್ಕು ಕಾಲುಗಳೂ ಬೇರೆಬೇರೆಯಾಗಿ ನೆಲಕ್ಕೆ ತಗಲುವುದರಿಂದ ನಾಲ್ಕು ತಾಳಗಳು ಕೇಳಿಸುವುವು. ಕುಕ್ಕುಲೋಟದಲ್ಲಿ ಎಡ ಮುಂಗಾಲೂ ಬಲ ಹಿಂಗಾಲೂ ಒಂದು ಜೋಡಿ, ಬಲ ಮುಂಗಾಲೂ ಎಡ ಹಿಂಗಾಲೂ ಮತ್ತೊಂದು ಜೋಡಿ. ಆದುದರಿಂದ ಎರಡೇ ತಾಳ. ಜೋಡಿ ಬದಲಾಗುವಾಗ ನಾಲ್ಕು ಕಾಲುಗಳೂ ಒಂದು ಕ್ಷಣ ನೆಲವನ್ನು ಬಿಟ್ಟಿರುವುವು. ಹೊಸಬರನ್ನು ಕುಕ್ಕಿ ಎಸೆಯುವುದು ಈ ಗತಿಯೇ. ಕ್ಯಾಂಟರ್ ಎಂಬ ಹದವಾದ ಓಟದಲ್ಲಿ ಮೂರು ತಾಳಗಳು.

ಕುಕ್ಕುಲೋಟದಲ್ಲಿ ತಾಳಕ್ಕೆ ಸರಿಯಾಗಿ ಒಮ್ಮೆ ಏಳುತ್ತ ಒಮ್ಮೆ ಕೂರುತ್ತ ಹೋಗುವುದು ವಾಡಿಕೆ. ದಫೇದಾರರು ಈ ಕ್ರಮವನ್ನು ಸ್ವಲ್ಪ ಬದಲಿಸಿದರು: ಎರಡು ತಾಳ ಎದ್ದಿರುವುದು, ಒಂದು ತಾಳ ಕೂರುವುದು. ರಿಕಾಪನ್ನು ಒದ್ದು ಮೇಲಕ್ಕೆ ಹಾರುವವನಿಗೆ ಇದು ಸಾಧ್ಯವಾಗದು. ಹಿಮ್ಮಡಿಯನ್ನು ಇಳಿಬಿಟ್ಟು ತನ್ನ ಕಾಲಮೇಲೆ ತಾನು ನಿಂತವನಿಗೆ ಮಾತ್ರ ಸಾಧ್ಯ. ಹುಡುಗಿಯು ಮೊದಲ ದಿನ ಹತ್ತು ಸಲ ಮುಂದಕ್ಕೂ ಹಿಂದಕ್ಕೂ ಮುಗ್ಗರಿಸಿದಳು. ವಾರ ಕಳೆಯುವುದರೊಳಗೆ ಅವಳ ಕೆಳಗಾಲು ಅಲುಗಾಡುವುದು ನಿಂತಿತು.

ಆ ಬಳಿಕ ಲಗಾಮು ಕೈಗೆ ಬಂದಿತು. 20 ಮೀಟರು ಅಡ್ಡಳತೆಯ ವೃತ್ತಗಳು, ಎಂಟರ ಆಕಾರದ ಸುತ್ತುಗಳು, ಹಾವು ಹರಿದಂತಹ ಬಳುಕುದಾರಿಗಳು ಒಂದಾದಮೇಲೊಂದು ನಡೆದುವು. ತಿರುವಿನಲ್ಲಿ ಒಳಗಡೆಯ ಸೊಂಟ ಕುಸಿಯಬಾರದು. ದೃಷ್ಟಿಯು ಕುದುರೆಯ ಕಿವಿಗಳ ನಡುವಿನಿಂದ ಮುಂದಿನ ದಾರಿಯನ್ನು ನೋಡುತ್ತಿರಬೇಕು. ತಲೆಯು ಮೈಯಲ್ಲಿ ಭಾರವಾದ ಅಂಗ. ಅದು ಬಾಗಿದರೆ ಭುಜಗಳೂ ಬಾಗುವುವು. ನಡಿಗೆಯಿಂದ ನಿಲುಗಡೆ, ನಿಲುಗಡೆಯಿಂದ ನಡಿಗೆ, ನಡಿಗೆಯಿಂದ ಕುಕ್ಕುಲೋಟ ಎಂದು ಗತಿಯನ್ನು ಮತ್ತೆ ಮತ್ತೆ ಬದಲಿಸುವುದೂ ಅಭ್ಯಾಸದ ಮುಖ್ಯ ಅಂಗವೇ. ಗತಿ ಬದಲಾಗುವ ಆ ಒಂದು ಕ್ಷಣದಲ್ಲಿಯೇ ಆಸನದ ದೋಷವೆಲ್ಲ ಬಯಲಾಗುವುದು.

ನೆಲದ ಮೇಲಿನ ಕಂಬಗಳು

ಇಷ್ಟಾದ ಮೇಲೆ ಅಂಗಳದಲ್ಲಿ ಕಂಬಗಳು ಕಾಣಿಸಿಕೊಂಡುವು; ಬೇಲಿಯಾಗಿ ಅಲ್ಲ, ನೆಲದ ಮೇಲೆ ಅಡ್ಡಲಾಗಿ ಮಲಗಿಸಿದ ಮರದ ಕಂಬಗಳಾಗಿ. ಸುಮಾರು 3 ಮೀಟರು ಉದ್ದದ, ತಕ್ಕಷ್ಟು ಭಾರವಾದ ಕಂಬಗಳು ಇದಕ್ಕೆ ಯೋಗ್ಯ. ದುಂಡಾದ ಕಂಬವು ಕುದುರೆಯ ಗೊರಸಿನಡಿ ಉರುಳಿದರೆ ಕಾಲು ಉಳುಕುವ ಭಯವುಂಟು. ಆದುದರಿಂದ ಅದು ಉರುಳದಂತೆ ಎರಡು ತುದಿಗಳಲ್ಲಿಯೂ ಭದ್ರಪಡಿಸಬೇಕು.

ಮೊದಲು ಒಂದೇ ಕಂಬ. ಅದಕ್ಕೆ ಕುದುರೆಯೂ ಸವಾರನೂ ಒಗ್ಗಿದ ಬಳಿಕ ಮೂರು. ಎರಡನ್ನು ಮಾತ್ರ ಇಟ್ಟರೆ ಕೆಲವು ಕುದುರೆಗಳು ಎರಡನ್ನೂ ಒಟ್ಟಿಗೆ ಹಾರಿಬಿಡುವುವು. ನಡಿಗೆಗೆ ಕಂಬಗಳ ನಡುವೆ ಸುಮಾರು 80ರಿಂದ 90 ಸೆಂಟಿಮೀಟರು, ಕುಕ್ಕುಲೋಟಕ್ಕೆ ಸುಮಾರು 1.2ರಿಂದ 1.4 ಮೀಟರು, ಕ್ಯಾಂಟರ್ ಓಟಕ್ಕೆ ಸುಮಾರು 3 ಮೀಟರು ಅಂತರವಿರಬೇಕು. ಇವು ಸಾಮಾನ್ಯ ಅಳತೆಗಳು. ತಟ್ಟುಗಳಿಗೆ ಅಂತರವನ್ನು ಕಡಿಮೆಮಾಡಬೇಕು. ಕುದುರೆಯ ಹೆಜ್ಜೆಯನ್ನು ನೋಡಿ ಕಂಬವನ್ನು ಸರಿಸಬೇಕೇ ಹೊರತು, ಕಂಬಕ್ಕಾಗಿ ಕುದುರೆಯನ್ನು ಎಳೆದಾಡಿಸಬಾರದು. ನೆಲದ ಮೇಲೆ ನಿಂತು ನೋಡುವ ಬಲ್ಲವರೊಬ್ಬರಿಲ್ಲದೆ ಈ ಅಭ್ಯಾಸವನ್ನು ಮಾಡಕೂಡದು.

ಕಂಬಗಳಿಂದ ಸವಾರನಿಗೇನು ಲಾಭ? ಕಂಬವನ್ನು ದಾಟುವಾಗ ಕುದುರೆಯು ಕಾಲುಗಳನ್ನು ಹೆಚ್ಚಾಗಿ ಎತ್ತುವುದು. ತಲೆಯನ್ನು ಸ್ವಲ್ಪ ತಗ್ಗಿಸಿ ಬೆನ್ನನ್ನು ಮೇಲಕ್ಕೆ ತರುವುದು. ಆಗ ಆ ಬೆನ್ನಿನ ಏರಿಳಿತ ಹೆಚ್ಚುವುದು. ಆದರೂ ತಾಳ ತಪ್ಪದು. ಈ ಏರಿಳಿತವನ್ನು ಸೊಂಟ, ಮೊಣಕಾಲು, ಹರಡುಗಳ ಕೀಲುಗಳಲ್ಲಿ ಹೀರಿಕೊಳ್ಳುವುದನ್ನು ಸವಾರನು ಕಲಿಯುವನು. ಬೇಲಿಯನ್ನು ಹಾರುವಾಗ ಬೇಕಾಗುವುದೂ ಇದೇ ಕೌಶಲ. ಆದರೆ ಇಲ್ಲಿ ಬೀಳುವ ಭಯ ಅತ್ಯಲ್ಪ, ಒಂದೇ ಪಾಠದಲ್ಲಿ ಎಷ್ಟೋ ಬಾರಿ ತಿದ್ದಿಕೊಳ್ಳುವ ಅವಕಾಶವುಂಟು. ಸವಾರನು ಹಿಂದಕ್ಕೆ ಬಿದ್ದು ಲಗಾಮನ್ನೆಳೆದರೆ ಕುದುರೆಯು ತಲೆಯೆತ್ತಿ ಬೆನ್ನನ್ನು ಕುಗ್ಗಿಸುವುದು. ಗೊರಸು ಕಂಬಕ್ಕೆ ತಗಲಿ ‘ಟಕ್’ ಎನ್ನುವುದು. ಅಂತರ ತಪ್ಪಿದ್ದರೂ ಕುದುರೆ ದಣಿದಿದ್ದರೂ ಹಾಗೆ ಆಗಬಹುದು. ಆದರೆ ಅವೆರಡೂ ಸರಿಯಾಗಿದ್ದ ಪಕ್ಷದಲ್ಲಿ ಆ ಸದ್ದು ಸವಾರನಿಗೆ ಬರುವ ಎಚ್ಚರಿಕೆಯೆಂದೇ ತಿಳಿಯಬೇಕು.

ಕಂಬಗಳ ಮೇಲೆ ಅಭ್ಯಾಸಮಾಡಬೇಕಾದ ಇನ್ನೊಂದು ನಿಲವುಂಟು: ರಿಕಾಪನ್ನು ಸ್ವಲ್ಪ ಗಿಡ್ಡಮಾಡಿ, ಜೀನಿನಿಂದ ತುಸುವೇ ಮೇಲೆದ್ದು, ಸೊಂಟದಿಂದ ಮುಂದಕ್ಕೆ ಬಾಗಿರುವ ಹಗುರಾಸನ. ಹಿಂದಿನ ಅಶ್ವದಳಗಳಲ್ಲಿ ಬೇಲಿಯನ್ನು ಹಾರುವಾಗ ಹಿಂದಕ್ಕೆ ವಾಲಿ ಲಗಾಮನ್ನು ಜಗ್ಗುವ ಪದ್ಧತಿಯಿದ್ದಿತು. ಇಟಲಿಯ ಸೇನಾಧಿಕಾರಿ ಫೆಡೆರಿಕೋ ಕಾಪ್ರಿಲಿಯು (1868–1907) ಅದು ಕುದುರೆಗೆ ಅಡ್ಡಿಯೆಂದು ಕಂಡು, ಸವಾರನು ಮುಂದಕ್ಕೆ ಬಾಗಿ ಕುದುರೆಯ ತಲೆಕತ್ತುಗಳಿಗೆ ಸ್ವಾತಂತ್ರ್ಯವನ್ನು ಕೊಡಬೇಕೆಂದು ಬೋಧಿಸಿದನು. ಇಂದು ಎಲ್ಲ ದೇಶಗಳ ಹಾರುಸವಾರರೂ ಅವನ ದಾರಿಯಲ್ಲಿಯೇ ನಡೆದಿರುವರು. ಈ ನಿಲವನ್ನು ಕಲಿಯುವಾಗ ಒಂದು ಕೈಯಿಂದ ಕುದುರೆಯ ಕೇಸರವನ್ನಾಗಲಿ ಕತ್ತಿನ ಪಟ್ಟಿಯನ್ನಾಗಲಿ ಹಿಡಿದುಕೊಳ್ಳುವುದು ನಾಚಿಕೆಯ ಮಾತಲ್ಲ. ಆಯತಪ್ಪಿದಾಗ ಅದು ಸವಾರನನ್ನು ಕಾಯುವುದು. ಕುದುರೆಯ ಬಾಯನ್ನೂ ಕಾಯುವುದು.

ಒಂದು ನಿದರ್ಶನ

ಆಸನವು ಬಿಗಿಹಿಡಿತದ ಫಲವಲ್ಲವೆಂಬುದಕ್ಕೆ ಡೆನ್ಮಾರ್ಕ್ ದೇಶದ ಲಿಸ್ ಹಾರ್ಟೆಲ್ ಎಂಬ ಮಹಿಳೆಗಿಂತ ದೊಡ್ಡ ನಿದರ್ಶನ ಬೇಕಿಲ್ಲ. 1944ರಲ್ಲಿ ಪೋಲಿಯೋ ರೋಗ ತಗಲಿ ಆಕೆಯ ಕಾಲುಗಳು ಮೊಣಕಾಲಿನಿಂದ ಕೆಳಗೆ ಶಕ್ತಿಯನ್ನು ಕಳೆದುಕೊಂಡುವು. ಕುದುರೆಯನ್ನು ಹತ್ತಲೂ ಇಳಿಯಲೂ ಇತರರ ಸಹಾಯ ಬೇಕಾಗಿದ್ದಿತು. ಅಂತಹ ಸ್ಥಿತಿಯಲ್ಲಿಯೂ, ಸಮನೆಲದ ಸವಾರಿಯ ಪರಮಾವಧಿಯಾದ ಡ್ರೆಸಾಜ್ ಸ್ಪರ್ಧೆಯಲ್ಲಿ, 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಆಕೆ ಬೆಳ್ಳಿಯ ಪದಕವನ್ನು ಗಳಿಸಿದಳು. 1956ರಲ್ಲಿ ಮತ್ತೊಮ್ಮೆ ಗಳಿಸಿದಳು. ಕೆಳಗಾಲಿನಿಂದ ಕುದುರೆಯನ್ನು ಅಮುಕಲಾರದ ಆಕೆ ಮೈತೂಕದಿಂದಲೂ ಬೆನ್ನಿನಿಂದಲೂ ಕುದುರೆಯೊಡನೆ ಮಾತನಾಡಿದಳೆನ್ನಬೇಕು.

ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅವರು 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿಯ ಪದಕವನ್ನು ಗೆದ್ದ ಈವೆಂಟಿಂಗ್ ಸ್ಪರ್ಧೆಯನ್ನೇ ನೋಡಿರಿ. ಅದರಲ್ಲಿ ಬಯಲಿನ ಅಡೆತಡೆಗಳನ್ನೂ ಬೇಲಿಗಳನ್ನೂ ಹಾರಬೇಕಾದುದು ನಿಜ. ಆದರೆ ಎಲ್ಲಕ್ಕಿಂತ ಮೊದಲನೆಯ ಪರೀಕ್ಷೆ ನಡೆಯುವುದು ಸಮತಟ್ಟಾದ ಅಂಗಳದಲ್ಲಿಯೇ.

ನಮ್ಮ ಹುಡುಗಿಯ ಕಥೆಯನ್ನು ಮುಗಿಸಬೇಕಾಗಿದೆ. ನಾಲ್ಕು ತಿಂಗಳ ಕಾಲ ಅವಳು ಒಂದು ಬೇಲಿಯನ್ನೂ ಹಾರಿಸಲಿಲ್ಲ, ನಾವೂ ಕೇಳಲಿಲ್ಲ. ಒಂದು ದಿನ ಮೂರು ಕಂಬಗಳ ಮುಂದೆ ದಫೇದಾರರು ಮೊಣಕಾಲೆತ್ತರದ ಒಂದು ಚಿಕ್ಕ ಬೇಲಿಯನ್ನು ನಿಲ್ಲಿಸಿದರು. “ಬೇಲಿಯನ್ನು ನೋಡಬೇಡ ತಾಯಿ, ಆಚೆಯ ಮರವನ್ನು ನೋಡು” ಎಂದಷ್ಟೇ ಹೇಳಿದರು. ಕುದುರೆ ಅದೇ ‘ಹಟಮಾರಿ’. ಬಾಯಿಯ ಹುಣ್ಣು ಮಾಯ್ದು ಎಷ್ಟೋ ದಿನಗಳಾಗಿದ್ದುವು. ಕಂಬಗಳನ್ನು ತಾಳತಪ್ಪದೆ ದಾಟಿ, ಕಿವಿಗಳನ್ನು ಮುಂದಕ್ಕೆ ನಿಗುರಿಸಿ, ಅದು ಬೇಲಿಯನ್ನು ಹಾರಿತು. ಲಗಾಮು ಸಡಿಲವಾಗಿಯೇ ಇದ್ದಿತು. ಹುಡುಗಿಯು ಇಳಿದವಳೇ ನಮ್ಮ ಕಡೆಗೆ ಬರಲಿಲ್ಲ. ಮೊದಲು ಕುದುರೆಯ ಕತ್ತನ್ನು ತಟ್ಟಿದಳು.

ಸವಾರಿಯನ್ನು ಕಲಿಯುವ ಮಕ್ಕಳಿರುವ ಮನೆಯವರಲ್ಲಿ ನಮ್ಮದೊಂದು ವಿಜ್ಞಾಪನೆ. ಅಂಗಳದ ಅಂಚಿನಲ್ಲಿ ನಿಂತಾಗ ಬೇಲಿಯ ಎತ್ತರವನ್ನು ಅಳೆಯಬೇಡಿರಿ. ಮಗುವಿನ ಕೈ ಕುದುರೆಯ ಬಾಯನ್ನು ಎಳೆಯುತ್ತಿದೆಯೆ, ಇಲ್ಲವೆ ಅದರೊಡನೆ ಮೃದುವಾಗಿ ಚಲಿಸುತ್ತಿದೆಯೆ ಎಂಬುದನ್ನು ನೋಡಿರಿ. ಆ ಕೈ ಮೃದುವಾಗಿದ್ದರೆ ಆಸನ ನೆಲೆಗೊಂಡಿತೆಂದು ತಿಳಿಯಿರಿ. ಬೇಲಿಯನ್ನು ಹಾರಿಸುವ ಕಾಲ ತಾನಾಗಿಯೇ ಬರುವುದು.